ಹಳೇ ಆಟೋಕಾಕರ್ ಬಾಡಿಗೆ ಮಿಲ್ಲಿಂಗ್, ಮೇಲೆ ಕನ್ನಡ ಅಕ್ಷರ ಕೆತ್ತನೆ: ಆನೋಡೈಸ್ ಮೊದಲಾ ಆಮೇಲಾ?

ಡೆಟ್ರಾಯ್ಟ್_ಓಕುಳಿ:

ಎಲ್ರಿಗೂ ನಮಸ್ಕಾರ. ನಾನಿರೋದು ಮಿಷಿಗನ್, ಊರು ಮಂಡ್ಯ ಕಡೆ. ಕಾರ್ ಪಾರ್ಟ್ ಡಿಸೈನ್ ಕೆಲಸ, ಬೆಳಗಿಂದ ಸಂಜೆವರೆಗೂ ಸ್ಕ್ರೀನ್ ಮುಂದೆ, ಕೈಯಾರೆ ಲೋಹ ಕೊರೆದಿದ್ದು ಡಿಪ್ಲೊಮಾ ವರ್ಕ್‌ಶಾಪಲ್ಲೇ ಕೊನೆ. ಇಲ್ಲಿ ಬಂದ್ಮೇಲೆ ಪೇಂಟ್‌ಬಾಲ್ ಹುಚ್ಚು ಹತ್ತಿದೆ, ಆರು ವರ್ಷದಿಂದ ಹೆಚ್ಚೂಕಮ್ಮಿ ಪ್ರತಿ ಭಾನುವಾರ ಆಡ್ತೀನಿ.

ವಿಷಯ ಏನಂದ್ರೆ ಒಂದು ಹಳೇ ಡಬ್ಲ್ಯುಜಿಪಿ ಕಂಪನಿ ಆಟೋಕಾಕರ್ (ಪೇಂಟ್‌ಬಾಲ್ ಹೊಡೆಯೋ ಗನ್, ಮಾರ್ಕರ್ ಅಂತೀವಿ) ಸಿಕ್ಕಿದೆ, ಒಳಗಿಂದೆಲ್ಲಾ ಚೆನ್ನಾಗಿದೆ ಆದ್ರೆ ಹೊರಗಡೆ ಕಪ್ಪು ಆನೋಡೈಸ್ (ಅಲ್ಯೂಮಿನಿಯಂ ಮೇಲೆ ಕರೆಂಟಲ್ಲಿ ಕಟ್ಟಿಸಿ ಬಣ್ಣ ಹಾಕೋ ಪದರ) ಪೂರ್ತಿ ಗೀರು ಬಿದ್ದು ಅಂಚಲ್ಲೆಲ್ಲಾ ಬೆಳ್ಳಗಾಗಿದೆ. ಇದನ್ನ ಬಿಚ್ಚಿ, ಬಾಡಿ ಎರಡೂ ಪಕ್ಕ ಉದ್ದಕ್ಕೆ ಗ್ರೂವ್ ಹೊಡೆದು, 45 ಗ್ರಿಪ್ ಫ್ರೇಮಿಗೆ (ಹಿಡಿಕೆಗೆ) ಅಲ್ಯೂಮಿನಿಯಂ ಪ್ಯಾನೆಲ್ ನಾನೇ ಮಾಡಿ, ಬಾಡಿ ಎಡಗಡೆ ಕನ್ನಡದಲ್ಲಿ "ಬಣ್ಣದೋಕುಳಿ" ಅಂತ ಕೆತ್ತಬೇಕು ಅಂತ ಆಸೆ. ಬಾಡಿ ಕುಂಕುಮದ ಕೆಂಪು, ಅಕ್ಷರ ಅರಿಶಿನ. ಇಲ್ಲಿ ಮೈದಾನದಲ್ಲಿ ಎಲ್ಲರ ಮಾರ್ಕರ್ ಮೇಲೂ ತಲೆಬುರುಡೆ, ಬೆಂಕಿ, ಇಂಗ್ಲಿಷ್ ಹೆಸರು ಇರುತ್ತೆ, ನಮ್ಮ ಅಕ್ಷರ ಇರೋದು ಒಂದೂ ನೋಡಿಲ್ಲ. ಬಣ್ಣದ ಉಂಡೆ ಹೊಡ್ಕೊಳ್ಳೋ ಆಟಕ್ಕೆ ಓಕುಳಿಗಿಂತ ಒಳ್ಳೇ ಪದ ನನಗೆ ಹೊಳೀಲಿಲ್ಲ.

ಮನೆ ಹತ್ರ ಒಂದು ಮೇಕರ್‌ಸ್ಪೇಸಲ್ಲಿ ಟಾರ್ಮ್ಯಾಕ್ 440 ಮಿಲ್ (ಕಂಪ್ಯೂಟರ್ ನಡೆಸೋ ಲೋಹ ಕೊರೆಯೋ ಮೆಷಿನ್) ಇದೆ, ಸ್ಪಿಂಡಲ್ 10,000 ಆರ್‌ಪಿಎಂವರೆಗೆ ಹೋಗುತ್ತೆ. 20 ವ್ಯಾಟ್ ಫೈಬರ್ ಲೇಸರ್ ಕೂಡ ಇದೆ. ನಾಲ್ಕನೇ ಆಕ್ಸಿಸ್, ಅಂದ್ರೆ ಪೀಸನ್ನ ತಿರುಗಿಸೋ ರೋಟರಿ, ಇಲ್ಲ.

ಕೇಳ್ಬೇಕಾಗಿರೋದು: ಮೊದಲು ಕೆತ್ತಿ ಆಮೇಲೆ ಆನೋಡೈಸಾ, ಇಲ್ಲಾ ಆನೋಡೈಸ್ ಮಾಡ್ಸಿ ಅದರ ಮೇಲೆ ಕೆತ್ತೋದಾ? ಎರಡು ಬಣ್ಣ ಬರೋಕೆ ಏನು ದಾರಿ? ಗ್ರೂವ್ ಎಷ್ಟು ಆಳ ಹೋಗ್ಬಹುದು? ಮತ್ತೆ ಕ್ಯಾಮ್ ಸಾಫ್ಟ್‌ವೇರಲ್ಲಿ (ಡ್ರಾಯಿಂಗಿಂದ ಕಟರ್ ಓಡೋ ದಾರಿ ತೆಗೆಯೋದು) ಕನ್ನಡ ಟೈಪ್ ಮಾಡಿದ್ರೆ ಣ್ಣ ಒಡೆದು ಣ, ಹಲಂತ್, ಇನ್ನೊಂದು ಣ ಅಂತ ಬೇರೆಬೇರೆ ನಿಂತ್ಕೊಳ್ಳುತ್ತೆ, ದೋ ಅನ್ನೋದ್ರ ದೀರ್ಘ ಎಲ್ಲೋ ಹಾರಿಹೋಗುತ್ತೆ, ಇದಕ್ಕೇನು ಮಾಡೋದು. ಹಿಂದೆ ಇನ್ನೊಂದು ಮಾರ್ಕರ್ ಬಾಡಿ ಒಬ್ರಿಗೆ ಹಳೇ ಆನೋಡೈಸ್ ತೆಗೆಯಕ್ಕೆ ಕೊಟ್ಟಿದ್ದೆ, ಕಾಸ್ಟಿಕ್ ಸೋಡಾದಲ್ಲಿ ಮರೆತು ಜಾಸ್ತಿ ಹೊತ್ತು ಬಿಟ್ಟು ಬ್ಯಾರೆಲ್ ಥ್ರೆಡ್ ಎಲ್ಲಾ ಸಡಿಲ ಆಗಿ ವಾಪಸ್ ಬಂತು, ಆ ಬಾಡಿ ಈಗ ಡ್ರಾಯರಲ್ಲಿ ಸುಮ್ನೆ ಬಿದ್ದಿದೆ. ಅದಕ್ಕೇ ಈ ಸಲ ಕೈ ಹಾಕೋ ಮೊದ್ಲೇ ಕೇಳ್ತಿದೀನಿ.

ಹಳೇ_ಕಾಕರ್:

ಆಟೋಕಾಕರ್ ಅಂತ ನೋಡಿದ ಕೂಡ್ಲೇ ಲಾಗಿನ್ ಆದೆ. ನ್ಯೂಜೆರ್ಸಿಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯ್ತು ನಾನು ಆಡ್ತಾ, ಈಗ್ಲೂ ಕಾಕರ್ ಬಿಟ್ಟು ಬೇರೆ ಮುಟ್ಟಲ್ಲ.

ಎಲ್ಲರಿಗೂ ಗೊತ್ತಿರಲಿ ಅಂತ ಸ್ವಲ್ಪ ಹಳೇ ಕಥೆ. ಈ ಆಟ ಶುರುವಾಗಿದ್ದು 1981ರ ಜೂನ್ 27, ನ್ಯೂ ಹ್ಯಾಂಪ್‌ಶೈರ್‌ನ ಹೆನ್ನಿಕರ್ ಊರಿನ ಕಾಡಲ್ಲಿ, 12 ಜನ ಆಡಿದ್ರು, ಕೈಲಿದ್ದಿದ್ದು ನೆಲ್‌ಸ್ಪಾಟ್ 007. ಅದು ಮರಕ್ಕೆ, ದನಕ್ಕೆ ದೂರದಿಂದ ಗುರುತು ಹಾಕೋಕೆ ಅಂತ ಇದ್ದ ಸಾಧನ, ಇವತ್ತಿಗೂ ಗನ್ ಅನ್ನದೆ ಮಾರ್ಕರ್ ಅನ್ನೋದು ಆ ಕೆಲಸಕ್ಕೇ ಹೊಂದೋ ಹೆಸರು. ಆಮೇಲೆ ಬಡ್ ಆರ್ ಅವರ ಡಬ್ಲ್ಯುಜಿಪಿ ಸ್ನೈಪರ್ ಅನ್ನೋ ಪಂಪ್ ಮಾರ್ಕರ್ ಮಾಡ್ತು, ಅದೇ ಪಂಪ್ ಕೆಲಸವನ್ನ ಗಾಳಿಯಿಂದ ತಾನೇ ಮಾಡ್ಕೊಳ್ಳೋ ಹಾಗೆ ಮಾಡಿದ್ದೇ ಆಟೋಕಾಕರ್. ಒಂದು ಬಾಡಿ, ಮುಂದೆ ರ‍್ಯಾಮ್, ತ್ರೀವೇ, ಎಲ್‌ಪಿಆರ್ (ಗಾಳಿಯಿಂದ ಓಡೋ ಪಿಸ್ಟನ್, ಅದರ ವಾಲ್ವ್, ಒತ್ತಡ ಇಳಿಸೋ ರೆಗ್ಯುಲೇಟರ್), ಹಿಂದೆ ಬೋಲ್ಟ್ ಎಳೆಯೋ ಬ್ಯಾಕ್ ಬ್ಲಾಕ್, ಎಲ್ಲಾ ಬಿಡಿಬಿಡಿ, ಎಲ್ಲಾ ಬದಲಾಯಿಸ್ಬಹುದು. ಅದಕ್ಕೇ ಕಸ್ಟಮ್ ಮಿಲ್ಲಿಂಗ್ ಅನ್ನೋದು ಈ ಮಾರ್ಕರ್ ಸುತ್ತಾನೇ ಅಷ್ಟೊಂದು ಬೆಳೀತು. ನೀವು ಮಾಡ್ಬೇಕಂತಿರೋದು ಹೊಸ ಹುಚ್ಚಲ್ಲ, ಈ ಮಾರ್ಕರ್ ಇದ್ದಿದ್ದೇ ಹಾಗೆ.

ಈಗ ಎಲ್ಲಿ ಕೊರೀಬಾರದು ಅಂತ ಹೇಳ್ತೀನಿ, ಇದನ್ನ ದಯವಿಟ್ಟು ಎರಡು ಸಲ ಓದಿ. ಕಾಕರ್ ಬಾಡಿ ಅಂದ್ರೆ ಒಂದರ ಮೇಲೊಂದು ಎರಡು ಕೊಳವೆ. ಮೇಲಿನದ್ರಲ್ಲಿ ಉಂಡೆನ ಮುಂದಕ್ಕೆ ತಳ್ಳೋ ಬೋಲ್ಟ್ ಓಡಾಡುತ್ತೆ, ಮುಂದೆ ಬ್ಯಾರೆಲ್. ಕೆಳಗಿನದ್ರಲ್ಲಿ ಹಿಂದೆ ಹ್ಯಾಮರ್, ಅದರ ಮುಂದೆ ವಾಲ್ವ್, ವಾಲ್ವ್ ಮುಂದಿರೋ ಚೇಂಬರಲ್ಲಿ ಯಾವಾಗ್ಲೂ ಒತ್ತಡದ ಗಾಳಿ ತುಂಬಿರುತ್ತೆ. 4500 ಪಿಎಸ್‌ಐ ಬಾಟಲಿ ಹಾಕಿದ್ರೆ ಅದರ ರೆಗ್ಯುಲೇಟರ್ ಸಾಮಾನ್ಯವಾಗಿ 800 ಆಸುಪಾಸು ಹೊರಗೆ ಕೊಡುತ್ತೆ, ಮಾರ್ಕರ್ ಮೇಲಿರೋ ರೆಗ್ಯುಲೇಟರ್ ಅದನ್ನ ಇನ್ನೂ ಇಳಿಸುತ್ತೆ, ಆದ್ರೆ ಆ ರೆಗ್ಯುಲೇಟರ್ ಸೀಟ್ ಒಂದಿನ ಸೋರಿದ್ರೆ ಆ ಪೂರ್ತಿ ಒತ್ತಡ ಚೇಂಬರ್ ಗೋಡೆಗೇ ಬರೋದು. ಅದಕ್ಕೆ ಕೆಳಗಿನ ಕೊಳವೆಯ ಮುಂದಿನ ಅರ್ಧ, ಕೆಳಗಡೆ ಎಎಸ್‌ಎ (ಗಾಳಿ ಒಳಗೆ ಬರೋ ಜೋಡಣೆ) ಕೂರೋ ಜಾಗ, ಫ್ರಂಟ್ ಬ್ಲಾಕ್ ಸ್ಕ್ರೂ ಥ್ರೆಡ್ ಸುತ್ತ, ಇಲ್ಲೆಲ್ಲಾ ಲೋಹ ತೆಗೀಲೇಬೇಡಿ. ಅಂದಕ್ಕೋಸ್ಕರ ಒಂದು ಗೆರೆ ಎಳೆದ್ರೆ ಏನಾಗುತ್ತೆ ಅನ್ಸಬಹುದು, ಆದ್ರೆ ಆ ಗೋಡೆ ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿರುತ್ತೆ.

ಮೇಲಿನ ಕೊಳವೆ ಪಕ್ಕ, ಎರಡು ಕೊಳವೆ ನಡುವಿನ ಸೊಂಟ, ಹಿಂದಿನ ಭಾಗ, ಅದರ ಬಾಲದಂಥ ಬೀವರ್‌ಟೇಲ್, ಬ್ಯಾಕ್ ಬ್ಲಾಕ್, ಗ್ರಿಪ್ ಪ್ಯಾನೆಲ್: ಇಲ್ಲೆಲ್ಲಾ ಮನಸ್ಸಿಗೆ ಬಂದಂಗೆ ಆಡಿ. ಬಿಚ್ಚೋ ಮೊದ್ಲು ಬಾಟಲಿ ತೆಗೆದು, ಒಳಗೆ ಉಳಿದಿರೋ ಗಾಳಿನ ಟ್ರಿಗರ್ ಒತ್ತಿ ಖಾಲಿ ಮಾಡೋದು ಮರೀಬೇಡಿ.

ಪೀಣ್ಯ_ಮಿಲ್ಲರ್:

ಪೇಂಟ್‌ಬಾಲ್ ನಾನು ಆಡಿರೋದು ಒಂದೇ ಸಲ, ಬೆಂಗಳೂರಲ್ಲಿ ಕಂಪನಿ ಔಟಿಂಗಲ್ಲಿ. ಅಲ್ಯೂಮಿನಿಯಂ ಮಾತ್ರ ಹದಿನೈದು ವರ್ಷದಿಂದ ದಿನಾ ಕೊರೀತಿದೀನಿ, ಪೀಣ್ಯದಲ್ಲಿ ಜಾಬ್ ಶಾಪ್, ಅದಕ್ಕೆ ಮುಂಚೆ ಜಿಟಿಟಿಸಿಲಿ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಕಲಿತವನು. ಹಳೇ ಕಾಕರ್ ಅವರು ಹೇಳಿದ್ದಕ್ಕೆ ಸೇರಿಸ್ತೀನಿ.

ಗೋಡೆ ದಪ್ಪ ಅಂದಾಜು ಮಾಡಬೇಡಿ, ಅಳತೆ ತಗೊಳ್ಳಿ. ಬಾಡಿ ಪಕ್ಕ ಚಪ್ಪಟೆ ಇದ್ದು ಒಳಗೆ ರಂಧ್ರ ಗುಂಡಗಿದ್ರೆ ತೆಳು ಜಾಗ ಎಲ್ಲಿರುತ್ತೆ ಅಂದ್ರೆ ರಂಧ್ರದ ನಡುಮಟ್ಟದಲ್ಲಿ ಸರಿಯಾಗಿ, ಅಲ್ಲಿಂದ ಮೇಲೆ ಕೆಳಗೆ ಹೋದಂಗೆ ಲೋಹ ದಪ್ಪ ಆಗ್ತಾ ಹೋಗುತ್ತೆ. ನೋಡೋಕೆ ಗ್ರೂವ್ ನಡುಮಟ್ಟದಲ್ಲಿ ಹೊಡೆದ್ರೆ ಚೆಂದ ಅನ್ಸುತ್ತೆ ಆದ್ರೆ ಅಲ್ಲೇ ಗೋಡೆ ಕಮ್ಮಿ. ಎರಡು ಕೊಳವೆ ನಡುವಿನ ಸೊಂಟಕ್ಕೆ ಗ್ರೂವ್ ಇಳಿಸಿ, ಅದೂ ಹಿಂದಿನ ಅರ್ಧದಲ್ಲೇ ನಿಲ್ಸಿ, ಅಲ್ಲಿ ಆಳ ಹೋಗ್ಬಹುದು. ನಡುಮಟ್ಟದಲ್ಲಿ ಏನಾದ್ರೂ ಬೇಕೇ ಬೇಕು ಅಂದ್ರೆ 0.3 ಮಿ.ಮೀ.ಗಿಂತ ಆಳ ಬೇಡ.

ಆಮೇಲೆ ಹಿಡಿತ. ಹೊಸಬರು ಹಾಳು ಮಾಡೋದು ಕಟಿಂಗಲ್ಲಿ ಅಲ್ಲ, ವೈಸ್ ಬಿಗಿ ಮಾಡೋದ್ರಲ್ಲಿ. ತೆಳು ಗೋಡೆ ಬಾಡಿನ ವೈಸಲ್ಲಿ ಗಟ್ಟಿಯಾಗಿ ಅಮುಕಿದ್ರೆ ರಂಧ್ರ ಮೊಟ್ಟೆ ಆಕಾರಕ್ಕೆ ಹೋಗುತ್ತೆ, ಕೊರೆದು ಬಿಟ್ಮೇಲೆ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಬೋಲ್ಟ್ ಸಿಕ್ಕಾಕ್ಕೊಳ್ಳೋಕೆ ಶುರುವಾಗುತ್ತೆ. ಎರಡೂ ರಂಧ್ರಕ್ಕೆ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಅಥವಾ ಅಲ್ಯೂಮಿನಿಯಂ ರಾಡ್ ಟರ್ನ್ ಮಾಡಿ, ಕೈಯಲ್ಲಿ ತಳ್ಳಿದ್ರೆ ಹೋಗೋ ಅಷ್ಟು ಬಿಗಿ ಫಿಟ್ ಇಟ್ಟು ಒಳಗೆ ತುಂಬಿಸಿ, ಆಮೇಲೆ ವೈಸಿಗೆ ಮೆತ್ತನೆ ಲೋಹದ ಸಾಫ್ಟ್ ಜಾ ಹಾಕಿ ಹಿಡೀರಿ. ಸೊನ್ನೆ ಬಾಡಿ ಹೊರಮೈಯಿಂದ ತಗೋಬೇಡಿ, ಹಳೇ ಬಾಡಿಗಳನ್ನ ಯಾರ್ಯಾರೋ ಪಾಲಿಶ್ ಮಾಡಿರ್ತಾರೆ, ಎರಡೂ ಪಕ್ಕ ಒಂದೇ ಅಳತೆ ಇರಲ್ಲ. ಡಯಲ್ ಗೇಜ್ ಆ ರಾಡ್ ಮೇಲೆ ಓಡಿಸಿ ರಂಧ್ರದ ಅಕ್ಷಕ್ಕೆ ಸಮಾಂತರ ಮಾಡ್ಕೊಂಡು ಅಲ್ಲಿಂದ ಸೊನ್ನೆ ಹಾಕಿ.

ಕಟರ್ ವಿಷಯ. ಕೋಟಿಂಗ್ ಇಲ್ಲದ, ಹೊಳಪು ಮಾಡಿರೋ ಕಾರ್ಬೈಡ್ 3 ಫ್ಲೂಟ್ (ಮೂರು ಹಲ್ಲಿಂದು) ಸಾಕು. ಸ್ಟೀಲಿಗೆ ಅಂತ ಬರೋ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗಿಂದು ತರಬೇಡಿ, ಆ ಕೋಟಿಂಗಲ್ಲೇ ಅಲ್ಯೂಮಿನಿಯಂ ಇರೋದ್ರಿಂದ ಚಿಪ್ (ಕೊರೆದ ಲೋಹದ ಚೂರು) ಅಂಟ್ಕೊಳ್ಳೋಕೆ ಜಾಗ ಮಾಡಿಕೊಟ್ಟಂಗೆ. 6 ಮಿ.ಮೀ. ಕಟರ್, 10,000 ಆರ್‌ಪಿಎಂ, ಹಲ್ಲಿಗೆ 0.025 ಮಿ.ಮೀ. ಹಿಡಿದ್ರೆ ಫೀಡ್ (ಕಟರ್ ಮುಂದೆ ಹೋಗೋ ವೇಗ) ನಿಮಿಷಕ್ಕೆ 750 ಮಿ.ಮೀ. ಬರುತ್ತೆ, ಆಳ ಒಂದು ಸಲಕ್ಕೆ 1 ಮಿ.ಮೀ., ಕೊನೇ ಪಾಸ್ 0.1 ಮಾತ್ರ. ನಮ್ಮಲ್ಲಿ ಸಣ್ಣ ಕೆಲಸಕ್ಕೆ ಸೀಮೆಎಣ್ಣೆ ಬ್ರಶ್ಶಲ್ಲಿ ಹಚ್ಚಿ ಕೊರಿಯೋದು ರೂಢಿ, ನೀವು ಡಬ್ಲ್ಯುಡಿ-40 ಹೊಡೀರಿ, ಮುಖ್ಯ ಏನಂದ್ರೆ ಚಿಪ್ ಅಲ್ಲೇ ನಿಲ್ಲಬಾರದು, ಗಾಳಿ ಊದ್ತಾ ಇರಿ. ಒಂದು ಚಿಪ್ ಎರಡನೇ ಸಲ ಕಟರ್ ಕೆಳಗೆ ಸಿಕ್ಕಿದ್ರೆ ಮೇಲ್ಮೈ ಮೇಲೆ ಗೀರು, ಆ ಗೀರು ಆನೋಡೈಸ್ ಆದ್ಮೇಲೆ ಇನ್ನೂ ಎದ್ದು ಕಾಣುತ್ತೆ. ಆನೋಡೈಸ್ ಏನನ್ನೂ ಮುಚ್ಚಲ್ಲ, ಪೇಂಟ್ ಅಲ್ಲ ಅದು.

ಪ್ಯಾನೆಲ್‌ಗೆ 6061 ಅಲಾಯ್ ಅಲ್ಯೂಮಿನಿಯಂ ಪ್ಲೇಟ್ ತಗೊಳ್ಳಿ, ಟಿ651 ಅಂತ ಕೇಳಿ, ಅದನ್ನ ಎಳೆದು ಒಳಗಿನ ಒತ್ತಡ ತೆಗ್ದಿರ್ತಾರೆ, ತೆಳ್ಳಗೆ ಮಾಡಿದಾಗ ಹಪ್ಪಳದ ಥರ ಡೊಂಕಾಗಲ್ಲ. (ಇಲ್ಲಿ ಓದ್ತಿರೋ ನಮ್ಮೂರಿನವ್ರಿಗೆ, ಅಂಗಡೀಲಿ ಎಚ್‌ಇ-30 ಅಂತ ಸಿಗೋದು 6082, 6061 ಬೇಕು ಅಂದ್ರೆ ಎಚ್‌ಇ-20 ಕೇಳ್ಬೇಕು, ಎರಡೂ ಆನೋಡೈಸಿಗೆ ಚೆನ್ನಾಗಿ ಬರುತ್ತೆ.) 7075 ಗಟ್ಟಿ, ಯೀಲ್ಡ್ (ವಾಪಸ್ ಬರದಂಗೆ ಬಗ್ಗೋಕೆ ಶುರುವಾಗೋ ಒತ್ತಡ) ಸುಮಾರು 500 ಎಂಪಿಎ, 6061-ಟಿ6ಗೆ 275 ಆಸುಪಾಸು, ಆದ್ರೆ ಗ್ರಿಪ್ ಪ್ಯಾನೆಲ್‌ಗೆ ಆ ಗಟ್ಟಿತನ ಏನೂ ಬೇಕಾಗಿಲ್ಲ. ಹಿಡಿಯೋಕೆ ಸುಲಭ ದಾರಿ: ಬೆಡ್ ಮೇಲಿನ ಪ್ಲೇಟಿಗೆ ಮಾಸ್ಕಿಂಗ್ ಟೇಪ್, ಕೆಲಸದ ಪೀಸ್ ತಳಕ್ಕೂ ಮಾಸ್ಕಿಂಗ್ ಟೇಪ್, ಎರಡು ಟೇಪ್ ನಡುವೆ ಸೂಪರ್ ಗ್ಲೂ. ಸಣ್ಣ ಕಟ್‌ಗೆ ಅಲುಗಾಡಲ್ಲ. ಸ್ಕ್ರೂ ಅಂತರ ಹೆಚ್ಚಿನ 45 ಫ್ರೇಮ್‌ಗಳಲ್ಲಿ 1911 ಪಿಸ್ತೂಲ್ ಪ್ಯಾನೆಲ್ ಅಂತರವೇ, 78 ಮಿ.ಮೀ. ಹತ್ರ, ಆದ್ರೂ ನಿಮ್ಮ ಫ್ರೇಮ್ ಅಳೆದೇ ಡ್ರಾಯಿಂಗ್ ಮಾಡಿ. ಎಲ್ಲಾ ಅಂಚಿಗೂ 0.4 ರೇಡಿಯಸ್ ಕೊಡಿ, ಚೂಪು ಅಂಚಲ್ಲಿ ಆನೋಡೈಸ್ ಪದರ ಬಿರುಕು ಬಿಡುತ್ತೆ. ನಿಮ್ಮ ಹಳೇ ಬಾಡಿ ಮೊದ್ಲು ಬೆಳ್ಳಗಾಗಿದ್ದು ಅಂಚಲ್ಲೇ ಅಲ್ವಾ.

ಡೆಟ್ರಾಯ್ಟ್_ಓಕುಳಿ:

ಇಷ್ಟು ವಿವರ ಬರುತ್ತೆ ಅಂತ ನಿರೀಕ್ಷೆ ಇರ್ಲಿಲ್ಲ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನನ್ನ ಡ್ರಾಯಿಂಗಲ್ಲಿ ಗ್ರೂವ್ ಸರಿಯಾಗಿ ನಡುಮಟ್ಟದಲ್ಲೇ ಇತ್ತು, ಅದೂ ಮುಂದಿನ ತುದಿವರೆಗೂ. ಅಳಿಸಿದೆ. ಇನ್ನೊಂದು: ಬ್ಯಾರೆಲ್ ಮೇಲೂ ಒಂದು ಸಣ್ಣ ಪದ ಕೆತ್ತೋಣ ಅಂತಿದೀನಿ, ಬ್ಯಾರೆಲ್ ಹೊರ ವ್ಯಾಸ 25.4 ಮಿ.ಮೀ., ರೋಟರಿ ಇಲ್ಲದೆ ಆಗುತ್ತಾ?

ಪೀಣ್ಯ_ಮಿಲ್ಲರ್:

ಲೆಕ್ಕ ಹಾಕಿ ನೋಡಿ. 25.4 ವ್ಯಾಸದ ಮೇಲೆ 6 ಮಿ.ಮೀ. ಎತ್ತರದ ಅಕ್ಷರ ಅಂದ್ರೆ ಅಂಚಿನಲ್ಲಿ ಮೇಲ್ಮೈ 0.36 ಮಿ.ಮೀ. ಕೆಳಗೆ ಹೋಗಿರುತ್ತೆ. ಇಂಥ ಅಕ್ಷರ ಕೆತ್ತೋ ಆಳವೇ 0.15 ಹತ್ರ. ಅಂದ್ರೆ ಅಕ್ಷರದ ನಡು ಕೆತ್ತುತ್ತೆ, ಮೇಲೆ ಕೆಳಗೆ ಕಟರ್ ಗಾಳಿಲಿ ತಿರುಗುತ್ತೆ. 4 ಮಿ.ಮೀ. ಎತ್ತರಕ್ಕೂ 0.16 ಬರುತ್ತೆ, ಅದೂ ಆಗಲ್ಲ. ಮಿಲ್ಲಲ್ಲಿ ಮಾಡೋದಾದ್ರೆ ಅಕ್ಷರನ ಸಿಲಿಂಡರ್ ಮೇಲೆ ಪ್ರೊಜೆಕ್ಟ್ ಮಾಡಿ ಝಡ್ (ಕಟರ್ ಎತ್ತರ) ಜೊತೆಜೊತೆಗೆ ಇಳಿಯೋ ಹಂಗೆ ಕಟರ್ ಓಡೋ ದಾರಿ ತೆಗೀಬೇಕು. ಲೇಸರ್ ಇದ್ಯಲ್ಲ, ಬ್ಯಾರೆಲಿಗೆ ಅದನ್ನೇ ಬಳಸಿ, ಅಷ್ಟು ಸಣ್ಣ ಇಳಿತ ಸಾಮಾನ್ಯವಾಗಿ ಫೋಕಸ್ ಒಳಗೇ ಇರುತ್ತೆ.

ಹುಬ್ಬಳ್ಳಿ_ಆನೋಡೈಸ್:

ನಮಸ್ಕಾರ್ರಿ. ನಂದು ಆನೋಡೈಸಿಂಗ್ ಕೆಲಸ, ಹುಬ್ಬಳ್ಳಿಯೊಳಗ ಸಣ್ಣ ಯುನಿಟ್ ಐತಿ. ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಎರಡೂ ಅಲ್ಲ. ಮೊದಲ ಕೆಂಪು ಆನೋಡೈಸ್, ನಡುವ ಕೆತ್ತನೆ, ಆಮ್ಯಾಲ ಮತ್ತೊಮ್ಮೆ ಹಳದಿ ಆನೋಡೈಸ್.

ಹೆಂಗ ಅಂತ ಹೇಳ್ತೀನಿ ಕೇಳ್ರಿ. ಆನೋಡೈಸ್ ಪದರ ಅಂದ್ರ ಅಲ್ಯೂಮಿನಿಯಂ ಆಕ್ಸೈಡ್, ಅದರೊಳಗ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಇರ್ತಾವ, ಬಣ್ಣ ಹೋಗಿ ಕೂಡೂದು ಆ ತೂತಿನ್ಯಾಗ. ಬಣ್ಣ ಆದಮ್ಯಾಲ ಕುದಿಯೋ ನೀರಿನ್ಯಾಗ ಸೀಲ್ ಮಾಡಿದ್ರ ತೂತು ಮುಚ್ಚಿ ಹೋಗ್ತಾವ. ಸೀಲ್ ಆದ ಪದರ ಕರೆಂಟ್ ಬಿಡಂಗಿಲ್ಲ, ಬೇರೆ ಬಣ್ಣಾನೂ ಹೀರಂಗಿಲ್ಲ. ಈಗ ಅದರ ಮ್ಯಾಲ ನೀವು 0.15 ಆಳ ಕೆತ್ತಿದ್ರ ಪದರ ಇರೂದು 15, 20 ಮೈಕ್ರಾನ್ ಅಷ್ಟ, ಅಕ್ಷರದ ತಳ ಪೂರ್ತಿ ಬರೀ ಲೋಹ ಆಗತೈತಿ. ತಿರುಗಿ ಟ್ಯಾಂಕಿಗೆ ಇಳಿಸಿದ್ರ ಆ ಬರೀ ಲೋಹ ಅಷ್ಟ ಹೊಸ ಪದರ ಕಟ್ಟತೈತಿ, ಹಳದಿ ಅಲ್ಲಿ ಅಷ್ಟ ಹಿಡೀತೈತಿ. ಅರಿಶಿನ ಕುಂಕುಮ ಎರಡೂ ಬಂತು ನೋಡ್ರಿ.

ಆದ್ರ ಎರಡನೇ ಸರ್ತಿ ಕಾಸ್ಟಿಕ್ ಎಚ್ (ಟ್ಯಾಂಕಿಗೆ ಮೊದಲ ಕಾಸ್ಟಿಕ್ ಸೋಡಾದಾಗ ಅದ್ದೂದು) ಮಾಡಲೇಬಾರದು, ಮಾಡಿದ್ರ ಕೆಂಪು ಎಲ್ಲಾ ಕಿತ್ತು ಬರತೈತಿ. ಸೋಪು ನೀರಿನ್ಯಾಗ ಜಿಡ್ಡು ತಗದು ಸೀದಾ ಟ್ಯಾಂಕಿಗೆ. ಮತ್ತ ಕಾಂಟ್ಯಾಕ್ಟ್. ಇದನ್ನ ಮರತು ಭಾಳ ಮಂದಿ ತಲಿ ಕೆಡಿಸ್ಕೋತಾರ, ಬಾಡಿ ಮ್ಯಾಲ ಎಲ್ಲಾ ಕಡೆ ಪದರ ಇದ್ರ ಕರೆಂಟ್ ಒಳಗ ಹೋಗೂದು ಎಲ್ಲಿಂದ? ಕಾಣದ ಒಂದು ಥ್ರೆಡ್ ತೂತಿನ್ಯಾಗ ಪದರ ಕೆರೆದು ಅಲ್ಲಿ ಟೈಟಾನಿಯಂ ಅಥವಾ ಅಲ್ಯೂಮಿನಿಯಂ ಸ್ಕ್ರೂ ಬಿಗಿಸಿ ತಂತಿ ಕಟ್ರಿ. ತಾಮ್ರದ ತಂತಿ ಆ್ಯಸಿಡ್ಡಿನೊಳಗ ಇಳಿಸಬ್ಯಾಡ್ರಿ. ಬಾಡಿಯೊಳಗ ಸ್ಟೀಲಿಂದು ಏನೇ ಇದ್ರೂ, ಪಿನ್, ಸ್ಪ್ರಿಂಗ್, ಬಾಲ್ ಡಿಟೆಂಟ್, ಸ್ಕ್ರೂ, ಎಲ್ಲಾ ತಗೀಬೇಕು, ಒಂದು ಉಳದ್ರೂ ಅದೂ ಕರಗತೈತಿ, ನಿಮ್ಮ ಪಾರ್ಟೂ ಕೆಡತೈತಿ.

ನಾನು ಬಳಸೋದು ಲೀಟರಿಗೆ 180 ಗ್ರಾಂ ಗಂಧಕಾಮ್ಲ, 20 ಡಿಗ್ರಿ, ಚದರ ಡೆಸಿಮೀಟರಿಗೆ 1.5 ಆಂಪ್. ಇಷ್ಟಕ್ಕ 30 ನಿಮಿಷಕ್ಕ 14 ಮೈಕ್ರಾನ್ ಹತ್ರ ಬರತೈತಿ, 45 ನಿಮಿಷಕ್ಕ 20. ಗಾಢ ಕೆಂಪಿಗೆ 45 ನಿಮಿಷ ಕೊಡ್ರಿ. ಟ್ಯಾಂಕ್ ಬಿಸಿ ಏರಲಾರದಂಗ ನೋಡ್ಕೋಬೇಕು, 25 ದಾಟಿತು ಅಂದ್ರ ಪದರ ಮೆತ್ತಗಾಗಿ ಕೈಗೆ ಹಿಟ್ಟಿನಂಗ ಬರತೈತಿ. ಪದರದ ಒಂದು ಭಾಗ ಒಳಗ, ಇನ್ನೊಂದು ಭಾಗ ಹೊರಗ ಬೆಳಿತೈತಿ, ಅಂದ್ರ 20 ಮೈಕ್ರಾನ್ ಕಟ್ಟಿದ್ರ ರಂಧ್ರದ ವ್ಯಾಸ ಹೆಚ್ಚಂದ್ರ 20 ಮೈಕ್ರಾನ್ ಸಣ್ಣ ಆಗತೈತಿ. ಬೋಲ್ಟ್ ಈಗ ಬಿಗಿ ಐತಿ ಅಂದ್ರ ರಂಧ್ರಕ್ಕ ರಬ್ಬರ್ ಬಿರಡೆ ಹಾಕ್ರಿ.

ಹಳೇ ಕಪ್ಪು ತಗಿಯೂದರ ಬಗ್ಗೆ. ನಿಮ್ಮ ಮೊದಲ ಬಾಡಿಗೆ ಆದದ್ದು ಓದಿ ಬ್ಯಾಸರಾತು. ಕಾಸ್ಟಿಕ್ ಪದರಾನೂ ತಿಂತೈತಿ, ಪದರ ಮುಗದಮ್ಯಾಲ ಲೋಹಾನೂ ತಿಂತೈತಿ, ಅದಕ್ಕ ಎಲ್ಲಿ ನಿಲ್ಲಬೇಕು ಅನ್ನೂದು ಗೊತ್ತಿಲ್ಲ. ಎಲ್ಲಾ ಥ್ರೆಡ್ಡಿಗೆ, ರಂಧ್ರಕ್ಕ ಬಿರಡೆ ಬಿಗಿಸಿ, ಒಂದೊಂದ ನಿಮಿಷಕ್ಕ ತಗದು ತೊಳದು ನೋಡ್ರಿ, ಬಣ್ಣ ಹೋದ ಕೂಡಲೆ ನಿಲ್ಲಸ್ರಿ. ಕನ್ನಡಕ, ಕೈಗವಸು ಬೇಕ ಬೇಕು, ಹೈಡ್ರೋಜನ್ ಬಿಡತೈತಿ, ಬಾಗಿಲಾ ಕಿಡಕಿ ತಗದು ಮಾಡ್ರಿ. ಹೊರಮೈ ಹೆಂಗೂ ಮಿಲ್ ಮಾಡಿ ತಿಕ್ಕತೀರಿ ಅಂದ್ರ ಕಾಸ್ಟಿಕ್ ಮುಟ್ಟದ 400 ನಂಬರ್ ಕಾಗದದಿಂದ ತಿಕ್ಕಿ ತಗಿಯೂದ ಛಲೋ. ಹೊತ್ತು ಹಿಡಿತೈತಿ, ಆದ್ರ ಥ್ರೆಡ್ ಉಳಿತಾವ. ಆಮ್ಯಾಲ 600, 800, 1200.

ಇನ್ನೊಂದು ಹೇಳೂದು ಉಳೀತು. ಈ ಬಾಡಿಯೊಳಗ ಕುರುಡು ತೂತು ಭಾಳ ಇರಬೇಕು, ಸ್ಕ್ರೂ ಹೋಗಿ ನಿಲ್ಲೋ ತೂತು. ಅದರೊಳಗ ಆ್ಯಸಿಡ್ ಉಳದು, ಬಣ್ಣ ಹಾಕೋ ಮುಂದ ಹೊರಗ ಬಂದು ಸುತ್ತ ಬಿಳಿ ಕಲೆ ಹಾಕತೈತಿ. ಪ್ರತಿ ತೂತಿಗೆ ಸಿರಿಂಜ್‌ಲೆ ಅಡಿಗಿ ಸೋಡಾ ನೀರು ಹಾಕಿ, ಆಮ್ಯಾಲ ಸಾದಾ ನೀರು ಹಾಕಿ ತೊಳೀರಿ.

ಅಕ್ಷರಗೆರೆ:

ನಾನು ಉಡುಪಿ ಕಡೆಯವ, ಫಾಂಟ್ ಕೆಲಸ ಮಾಡ್ತೇನೆ. ಒತ್ತಕ್ಷರ ಒಡೆಯುವುದಕ್ಕೆ ಪರಿಹಾರ ಸುಲಭ ಉಂಟು. ಕ್ಯಾಮ್ ಸಾಫ್ಟ್‌ವೇರ್ ಒಳಗೆ ಕನ್ನಡ ಟೈಪ್ ಮಾಡ್ಲೇಬೇಡಿ. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಫಾಂಟ್‌ನಲ್ಲಿ ಬರೆಯಿರಿ, ಅಲ್ಲಿ ಣ್ಣ, ದೋ ಎಲ್ಲ ಸರಿಯಾಗಿ ಕೂತುಕೊಳ್ತದೆ, ಆಮೇಲೆ ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಮಾಡಿ ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್ ಫೈಲ್ ತೆಗೆದು ಕ್ಯಾಮ್‌ಗೆ ಕೊಡಿ. ಅಲ್ಲಿಗೆ ಅದು ಅಕ್ಷರ ಅಲ್ಲ, ಬರೀ ಗೆರೆ.

ಆದರೆ ನಿಜವಾದ ಕಷ್ಟ ಅಲ್ಲಿಂದ ಶುರು ಮಾರಾಯ್ರೆ. ಫಾಂಟ್ ಅಂದ್ರೆ ಅಕ್ಷರದ ಹೊರಗೆರೆ. ಅದರ ಮೇಲೆ ಸುಮ್ಮನೆ ಕಟರ್ ಓಡಿಸಿದ್ರೆ ಪ್ರತಿ ಗೆರೆಯೂ ಜೋಡಿ ಗೆರೆಯಾಗಿ ಟೊಳ್ಳು ಅಕ್ಷರ ಬರ್ತದೆ, ಣ ಒಳಗಿನ ಸುರುಳಿಯಲ್ಲಿ ಎಲ್ಲ ಕಲಸಿಹೋಗ್ತದೆ. ವಿ-ಕಾರ್ವ್, ಅಂದ್ರೆ ಚೂಪು ತುದಿಯ ಬಿಟ್‌ನಲ್ಲಿ ಗೆರೆಯ ಅಗಲ ಪೂರ್ತಿ ತುಂಬುವ ಹಾಗೆ ಕೆತ್ತಿದ್ರೆ ಆಳ ಗೆರೆಯ ದಪ್ಪದ ಮೇಲೆ ಹೋಗ್ತದೆ: 0.9 ಮಿ.ಮೀ. ದಪ್ಪದ ಗೆರೆಗೆ 60 ಡಿಗ್ರಿ ಬಿಟ್ 0.78 ಇಳೀತದೆ, 90 ಡಿಗ್ರಿ ಆದ್ರೆ 0.45. ನಿಮ್ಮ ಗೋಡೆಯ ಮೇಲೆ ಅದು ಆಗುವುದಿಲ್ಲ ಅಂತ ಮೇಲೆ ಹೇಳಿದ್ದಾರೆ. ಹಾಗಾಗಿ ಒಂದೇ ಗೆರೆಯ ಅಕ್ಷರ ಬೇಕು.

ನಮ್ಮಲ್ಲಿ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಚೆಂಬಿನ ಮೇಲೆ ಹೆಸರು ಹಾಕಿಸುವುದು ನೆನಪುಂಟಾ? ಮದುವೆಗೆ ಕೊಡುವ ಪಾತ್ರೆಯ ಅಂಚಿನ ಮೇಲೆ ಟರ್ ಅಂತ ಸದ್ದು ಮಾಡುವ ಆ ಪೆನ್ನಿನಲ್ಲಿ ಬರೀತಾರಲ್ಲ, ಅದು ಅಪ್ಪಟ ಒಂದೇ ಗೆರೆಯ ಕನ್ನಡ. ಒತ್ತಕ್ಷರ ಸಣ್ಣದಾದ್ರೂ ಅರ್ಥ ಆಗುವ ಹಾಗೆ, ಒಳಗಿನ ಸುರುಳಿ ಬಿಡಿಸಿ ಅಗಲ ಮಾಡಿ ಬರೆಯುವ ಅಭ್ಯಾಸ ಅವರ ಕೈಗೆ ಉಂಟು. ಮನೆಯಲ್ಲಿ ಅಂಥ ಹಳೆ ಪಾತ್ರೆ ಇದ್ರೆ ತೆಗೆದು ನೋಡಿ, ಫಾಂಟ್‌ಗಿಂತ ಒಳ್ಳೆ ಪಾಠ ಅದು.

ನಾನಾದ್ರೆ ಹೀಗೆ ಮಾಡ್ತೇನೆ. ಅನೇಕ್ ಕನ್ನಡ ಫಾಂಟಿನ ತೀರ ತೆಳು ಗೆರೆಯ ರೂಪ ತೆಗೆದು ಅಡಿಯಲ್ಲಿ ಮಸುಕಾಗಿ ಇಟ್ಟು, ಅದರ ಮೇಲೆ ನಡುಗೆರೆಯನ್ನು ಕೈಯಲ್ಲಿ ಎಳೀತೇನೆ. ಬಿಟ್ 60 ಡಿಗ್ರಿ, ತುದಿ 0.1, ಆಳ 0.15 ಅಂದ್ರೆ ಗೆರೆಯ ಅಗಲ 0.27 ಬರ್ತದೆ. ಎರಡು ಗೆರೆಯ ನಡುವೆ ಕಡಿಮೆ ಅಂದ್ರೆ ಅಷ್ಟೇ ಜಾಗ ಬಿಡಿ, ಅಂದ್ರೆ ಒತ್ತು ಣ ಒಳಗಿನ ಸುರುಳಿ ಸೇರಿ 3 ಮಿ.ಮೀ.ಗಿಂತ ಸಣ್ಣ ಮಾಡ್ಲಿಕ್ಕಾಗುವುದಿಲ್ಲ. ಹಾಗೆ ಹಿಂದಕ್ಕೆ ಲೆಕ್ಕ ಹಾಕಿದ್ರೆ ಮುಖ್ಯ ಅಕ್ಷರ 7 ಮಿ.ಮೀ. ಎತ್ತರ. "ಬಣ್ಣದೋಕುಳಿ"ಯಲ್ಲಿ ಒತ್ತು ಕೆಳಗೆ ಇಳಿಯುವುದು ಒಂದೇ ಕಡೆ, ಮೇಲೆ ಏರುವುದು ದೋ ಮತ್ತು ಳಿಯ ಗುಣಿತ. ಒತ್ತಿನ ಬಾಲ ನಿಮ್ಮ ಗ್ರೂವ್‌ಗೆ ತಾಗದ ಹಾಗೆ ಸಾಲನ್ನು ಸ್ವಲ್ಪ ಮೇಲೆ ತಳ್ಳಿ. ತಲೆಕಟ್ಟನ್ನು ಮಾತ್ರ ತೆಗೀಬೇಡಿ ಆಯ್ತಾ, ಜಾಗ ಉಳಿಸ್ಲಿಕ್ಕೆ ಅಂತ ಕೆಲವರು ತೆಗೀತಾರೆ, ಅಕ್ಷರ ಬೋಳಾಗಿ ಕಾಣ್ತದೆ.

ಡೆಟ್ರಾಯ್ಟ್_ಓಕುಳಿ:

ಏಳು ವಾರ ಆದ್ಮೇಲೆ ಬರ್ತಿದೀನಿ, ಸುದ್ದಿ ಹೇಳೋಕೆ.

ಮೊದ್ಲು ಆ ಡ್ರಾಯರಲ್ಲಿದ್ದ ಹಾಳಾದ ಬಾಡಿ ಮೇಲೇ ಪ್ರಾಕ್ಟೀಸ್ ಮಾಡಿದೆ, ಅದಕ್ಕೂ ಒಂದು ಕೆಲಸ ಸಿಕ್ತು. ವಿ-ಬಿಟ್ ಎರಡು ಮುರಿದ್ವು, ಎರಡೂ ಸಲ ತುದಿ ಹೋಗಿದ್ದು ಸೀದಾ ಕೆಳಗೆ ಇಳಿಯೋವಾಗ, ಆಮೇಲೆ ರ‍್ಯಾಂಪಲ್ಲಿ (ಓರೆಯಾಗಿ) ಇಳಿಸಿ ಫೀಡ್ 200ಕ್ಕೆ ತಂದೆ, ಮತ್ತೆ ಮುರೀಲಿಲ್ಲ. ಅಮ್ಮಂಗೆ ಫೋನ್ ಮಾಡಿ ಅಜ್ಜಿ ಹೆಸರಿರೋ ತಂಬಿಗೆ ಫೋಟೊ ತರ್ಸ್ಕೊಂಡೆ, ಪುಟ್ಟಮ್ಮಣ್ಣಿ ಅಂತ ಇದೆ ಅದರ ಮೇಲೆ, ಮೂರು ಒತ್ತೂ ಎಷ್ಟು ಚೆನ್ನಾಗಿ ಬಿಡಿಸಿದ್ದಾರೆ ಅಂದ್ರೆ ಆ ಒತ್ತು ಣ ಆಕಾರವನ್ನೇ ಟ್ರೇಸ್ ಮಾಡಿ ಹಾಕ್ಕೊಂಡಿದೀನಿ. ಅಂದ್ರೆ ಯಾರೋ ಮಂಡ್ಯ ಪೇಟೆ ಪಾತ್ರೆ ಅಂಗಡಿಯವರ ಕೈಬರಹ ಈಗ ಮಿಷಿಗನ್‌ನಲ್ಲಿ ನನ್ನ ಮಾರ್ಕರ್ ಮೇಲಿದೆ.

ಹಳೇ ಕಪ್ಪನ್ನ ಕಾಗದದಲ್ಲೇ ತಿಕ್ಕಿ ತೆಗೆದೆ, ಮೂರು ಸಂಜೆ ಹಿಡೀತು, ಥ್ರೆಡ್ ಎಲ್ಲಾ ಹಂಗೇ ಇದೆ. ಎರಡು ಸಲದ ಆನೋಡೈಸ್ ಇಲ್ಲಿ ಒಬ್ರು ಮಾಡಿಕೊಟ್ರು, ಅವರಿಗೆ ಹುಬ್ಬಳ್ಳಿ ಸರ್ ಬರೆದಿದ್ದನ್ನ ಇಂಗ್ಲಿಷಲ್ಲಿ ಬರ್ಕೊಂಡು ಹೋಗಿ ಕೊಟ್ಟಿದ್ದೆ, ಕುರುಡು ತೂತಿನ ವಿಷಯ ಓದಿ ಅವರೂ ತಲೆ ಆಡಿಸಿದ್ರು. ಹಳದಿ ಸರಿಯಾಗಿ ಅಕ್ಷರದಲ್ಲಷ್ಟೇ ಕೂತಿದೆ, ಅಂಚು ಒಂಚೂರೂ ಹರಡಿಲ್ಲ. ಕೆಂಪು ಮಾತ್ರ ಎರಡನೇ ಟ್ಯಾಂಕಲ್ಲಿ ಒಂದು ಕೂದಲೆಳೆ ತಿಳಿಯಾಯ್ತು, ಕುಂಕುಮಕ್ಕೆ ಇನ್ನೂ ಹತ್ರ ಬಂತು ಅಂತಾನೇ ನನಗನ್ಸಿದ್ದು. ಜೋಡಿಸಿ ಕ್ರೋನೋ ಮಾಡ್ದೆ (ಉಂಡೆ ವೇಗ ಅಳೆಯೋದು), ಇಲ್ಲಿ ಮಿತಿ ಸೆಕೆಂಡಿಗೆ 280 ಅಡಿ, ಹತ್ತು ಹೊಡೆತ 268ರಿಂದ 275ರ ಒಳಗೇ ಬಂತು. ಸೋರಿಕೆ ಇಲ್ಲ, ಬೋಲ್ಟ್ ಕೈಯಲ್ಲಿ ಹಿಡಿದು ಬಿಟ್ರೆ ತನ್ನಷ್ಟಕ್ಕೆ ಜಾರುತ್ತೆ.

ಒಂದೇ ಒಂದು ಉಳಿದಿದೆ. ಬ್ಯಾಕ್ ಬ್ಲಾಕ್ ಅದೇ ಟ್ಯಾಂಕು, ಅದೇ ಹೊತ್ತು, ಆದ್ರೂ ಕೆಂಪು ಬೇರೆ ಬಂದಿದೆ, ಸ್ವಲ್ಪ ಕಂದು ಕಡೆಗೆ. ಯಾಕಿರಬಹುದು?

ಹುಬ್ಬಳ್ಳಿ_ಆನೋಡೈಸ್:

ಬ್ಲಾಕ್ ಬ್ಯಾರೆ ಅಲಾಯ್ ಇರಬೇಕ್ರಿ. 7075 ಮತ್ತ 6061 ಒಂದ ಟ್ಯಾಂಕಿನ್ಯಾಗ ಕೂಡೆ ಇಳಿಸಿದ್ರೂ ಬಣ್ಣ ಒಂದ ಬರಂಗಿಲ್ಲ, 7075ರಾಗ ಸತು ತಾಮ್ರ ಜಾಸ್ತಿ ಇರೋದಕ್ಕ ಪದರದ ಬಣ್ಣಾನ ಬ್ಯಾರೆ. ತಿರುಗಿ ಮಾಡಿಸಿದ್ರೂ ಹಂಗ ಬರತೈತಿ. ಅಕ್ಷರದ ಫೋಟೊ ಹಾಕ್ರಿ, ನಮ್ಮ ಹುಡುಗರಿಗೆ ತೋರಸ್ಬೇಕು.

ಡೆಟ್ರಾಯ್ಟ್_ಓಕುಳಿ:

ಫೋಟೊ ಸಂಜೆ ಹಾಕ್ತೀನಿ ಸರ್, ಬಿಸಿಲಲ್ಲಿ ತೆಗೀಬೇಕು. ಪ್ಯಾನೆಲ್ ಮಾಡಿದ್ಮೇಲೆ ಅದೇ 6061 ಪ್ಲೇಟಿಂದು ಒಂದು ತುಂಡು ಉಳಿದಿದೆ, ಬ್ಲಾಕ್ ದಪ್ಪಕ್ಕೆ ಸಾಲುತ್ತಾ ಅಂತ ಈಗ ತಾನೆ ಅಳೆದೆ, 1.5 ಮಿ.ಮೀ. ಜಾಸ್ತಿನೇ ಇದೆ. ಶನಿವಾರಕ್ಕೆ ಮಿಲ್ ಬುಕ್ ಮಾಡಿದೀನಿ.